ಅಪ್ಪನ ಸ್ಟೋಮಾ ಬ್ಯಾಗ್ ಲೀಕ್ ಆಗಿ ಚರ್ಮ ಕೆಂಪಾಗಿರೋದಕ್ಕೆ

ನಿಮ್ಮ ಅಪ್ಪನ ಸ್ಟೋಮಾ (ಮಲ ಹೊರಬರೋಕೆ ಹೊಟ್ಟೆ ಮೇಲೆ ಮಾಡಿದ ಬಾಯಿ) ಸುತ್ತ ಚರ್ಮ ಕೆಂಪಾಗಿದೆ ಅಂದ್ರಲ್ಲ, ಬ್ಯಾಗನ್ನ ಚರ್ಮಕ್ಕೆ ಅಂಟಿಸೋ ಪ್ಲೇಟಿನ ತೂತು ದೊಡ್ಡದಾಗಿರೋದೇ ಕಾರಣ ಇರ್ಬೇಕು. ಇಲಿಯೋಸ್ಟಮಿ (ಸಣ್ಣ ಕರುಳನ್ನ ಹೊಟ್ಟೆ ಮೇಲೆ ತೆರೆಯೋ ಆಪರೇಷನ್) ಆಗಿ ಒಂದೂವರೆ ತಿಂಗಳು ಅಂದ್ರಲ್ಲ, ಅಷ್ಟರಲ್ಲಿ ಊತ ಇಳಿದು ಸ್ಟೋಮಾ ಚಿಕ್ಕದಾಗಿರುತ್ತೆ, ನೀವಿನ್ನೂ ಆಸ್ಪತ್ರೇಲಿ ಹೇಳಿದ ಅಳತೆಗೇ ಕತ್ತರಿಸ್ತಿದ್ದೀರ, ಆ ಸಂದಿಯಲ್ಲಿ ನೀರು ನೀರಾದ ಮಲ ತಾಗಿ ಚರ್ಮ ಸುಡುತ್ತೆ. ಮೊದ್ಲು ಹೊಸದಾಗಿ ಅಳೆಯಿರಿ, ತೂತು ಸ್ಟೋಮಾಗಿಂತ 2-3 ಮಿಲಿಮೀಟರ್ ಮಾತ್ರ ದೊಡ್ಡದಿರ್ಲಿ. ಉಗುರುಬೆಚ್ಚಗಿನ ನೀರಲ್ಲಿ ತೊಳೆದು (ಡೆಟ್ಟಾಲ್ ಬೇಡವೇ ಬೇಡ) ಪೂರ್ತಿ ಒಣಗಿಸಿ. ಮಡಿಕೇರಿ ಮಳೇಲಿ ಟವೆಲ್ಲೇ ಥಂಡಿ ಇರುತ್ತೆ, ನಮ್ಮಮ್ಮನಿಗೆ ಬ್ಯಾಗ್ ಬದಲಾಯಿಸುವಾಗ ನಾನು ಒಲೆ ಹತ್ರ ಒಣಗಿಸಿದ ಹಳೇ ಪಂಚೆ ತುಂಡು ಬಳಸ್ತಿದ್ದೆ. ಕೆಂಪಿರೋ ಕಡೆ ಸ್ಟೋಮಾ ಪೌಡರ್ ಉದುರಿಸಿ, ಹೆಚ್ಚಾದದ್ದು ಕೊಡವಿ, ಪ್ಲೇಟ್ ಅಂಟಿಸಿ ಅಂಗೈಲಿ ಸ್ವಲ್ಪ ಹೊತ್ತು ಒತ್ತಿ ಹಿಡೀರಿ. ಬ್ಯಾಗ್ ಮೂರನೇ ಒಂದು ಭಾಗ ತುಂಬಿದ ಕೂಡ್ಲೇ ಖಾಲಿ ಮಾಡಿ. ಸಣ್ಣ ಗುಳ್ಳೆ, ತುರಿಕೆ ಇದ್ರೆ ಫಂಗಸ್ಸೂ ಇರಬಹುದು, ಡಾಕ್ಟರೇ ನೋಡ್ಬೇಕು. ಸ್ಟೋಮಾ ಕಪ್ಪಾದ್ರೆ ಮಾತ್ರ ಕಾಯ್ಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ.