ಓದುಗರ ಪ್ರಶ್ನೆ, ನಮ್ಮ ಉತ್ತರ: ಥ್ರೆಡ್‌ಗೊಂದು ಲೊಕೇಲ್

ಪ್ರಶ್ನೆ (ಅನಗೋಳ, ಬೆಳಗಾವಿ): ಶಹಾಪುರದ ಸೀರೆ ಅಂಗಡಿಗಳಿಗೆ ಬಿಲ್ ಮುದ್ರಿಸುವ ಸರ್ವರ್ ನಮ್ಮದು. ಗಿರಾಕಿ ಕೇಳಿದಂತೆ ಕನ್ನಡದಲ್ಲೋ ಮರಾಠಿಯಲ್ಲೋ ಬಿಲ್ ಕೊಡಬೇಕು. ಸಿ ಭಾಷೆಯ ನಮ್ಮ ಪ್ರೋಗ್ರಾಂ ಹಲವು ಥ್ರೆಡ್‌ಗಳಲ್ಲಿ (ಒಟ್ಟಿಗೆ ಓಡುವ ಎಳೆಗಳಲ್ಲಿ) ನಡೆಯುತ್ತದೆ. ಪ್ರತಿ ಬಿಲ್‌ಗೂ ಮೊದಲು ಲೊಕೇಲ್ (ಭಾಷೆ, ದಿನಾಂಕ, ಅಂಕಿ ಬರೆಯುವ ರೀತಿ) ಬದಲಿಸುವ ಸೆಟ್‌ಲೊಕೇಲ್ ಕರೆಯುತ್ತೇವೆ. ಗದ್ದಲ ಹೆಚ್ಚಿದಾಗ ಕನ್ನಡ ಬಿಲ್‌ನಲ್ಲಿ 'ಜನವರಿ' ಹೋಗಿ 'ಜಾನೇವಾರಿ' ಬರುತ್ತದೆ. ಒಂದು ಸಲಕ್ಕೆ ಒಂದೇ ಥ್ರೆಡ್ ಒಳಹೋಗುವಂತೆ ಲಾಕ್ ಹಾಕಿದರೆ ಸಾಕೆ?

ಉತ್ತರ: ಸಾಲದು. ಸೆಟ್‌ಲೊಕೇಲ್ ಬದಲಿಸುವುದು ಇಡೀ ಪ್ರೋಗ್ರಾಂನ ಲೊಕೇಲನ್ನು. ಅದನ್ನು ಓದುವ ಪ್ರಿಂಟ್‌ಎಫ್ (ಮುದ್ರಿಸುವುದು), ಸ್ಟ್ರ್‌ಎಫ್‌ಟೈಮ್ (ದಿನಾಂಕ ಬರೆಯುವುದು), ಸ್ಟ್ರ್‌ಟೋಡಿ (ಪಠ್ಯದಿಂದ ಸಂಖ್ಯೆ ಓದುವುದು) ಎಲ್ಲವನ್ನೂ ಅದೇ ಲಾಕ್‌ನೊಳಗೆ ತರಬೇಕಾಗುತ್ತದೆ. ಬೇರೆಯವರ ಲೈಬ್ರರಿಯೊಳಗಿನ ಕರೆಗಳಿಗೆ ನೀವು ಲಾಕ್ ಹಾಕಲಾರಿರಿ. ಪಾಸಿಕ್ಸ್ (ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಮಾನದಂಡ) 2008ರಲ್ಲಿ ಬಂದ ದಾರಿ ಹಿಡಿಯಿರಿ. ಶುರುವಿನಲ್ಲೇ ನ್ಯೂಲೊಕೇಲ್‌ನಿಂದ ಕನ್ನಡಕ್ಕೊಂದು, ಮರಾಠಿಗೊಂದು ಲೊಕೇಲ್ ವಸ್ತು (ಆಬ್ಜೆಕ್ಟ್) ಮಾಡಿಟ್ಟುಕೊಳ್ಳಿ. ಬಿಲ್ ಶುರುವಾದಾಗ, ಆ ಥ್ರೆಡ್‌ಗೆ ಮಾತ್ರ ಲೊಕೇಲ್ ಹಾಕುವ ಯೂಸ್‌ಲೊಕೇಲ್ ಕರೆದು, ಅದು ಕೊಡುವ ಹಳೆಯ ಲೊಕೇಲನ್ನು ಇಟ್ಟುಕೊಂಡು, ಮುಗಿದ ಮೇಲೆ ಅದನ್ನೇ ವಾಪಸ್ ಹಾಕಿ. ನ್ಯೂಲೊಕೇಲ್ ಸೊನ್ನೆ ಕೊಟ್ಟರೆ ಬಹುತೇಕ ಆ ಯಂತ್ರದಲ್ಲಿ ಆ ಲೊಕೇಲ್ ಇಲ್ಲವೆಂದೇ ಅರ್ಥ. 'ಲೊಕೇಲ್ -ಎ' ಆಜ್ಞೆಯಿಂದ ಪಟ್ಟಿ ನೋಡಿ. ಯಾವುದಾದರೂ ಥ್ರೆಡ್ ಆ ವಸ್ತುವನ್ನು ಬಳಸುತ್ತಿರುವಾಗ, ಅದನ್ನು ಅಳಿಸುವ ಫ್ರೀಲೊಕೇಲ್ ಕರೆಯಲೇಬೇಡಿ.

ಪ್ರಶ್ನೆ (ಮಚ್ಛೆ, ಬೆಳಗಾವಿ): ಸಣ್ಣ ಬೋರ್ಡ್‌ಗಾಗಿ ನಾವೇ ಸಿ ಲೈಬ್ರರಿ ಬರೆಯುತ್ತಿದ್ದೇವೆ. ಜಾಗತಿಕ ಲೊಕೇಲ್ (ಸೆಟ್‌ಲೊಕೇಲ್ ಹಾಕುವುದು), ಥ್ರೆಡ್ ಲೊಕೇಲ್ (ಯೂಸ್‌ಲೊಕೇಲ್ ಹಾಕುವುದು) ಎರಡನ್ನೂ ಒಟ್ಟಿಗೆ ಹೇಗೆ ನಡೆಸುವುದು?

ಉತ್ತರ: ಪ್ರತಿ ಥ್ರೆಡ್‌ನ ಟಿಎಲ್‌ಎಸ್‌ನಲ್ಲಿ (ಆ ಥ್ರೆಡ್‌ಗೇ ಮೀಸಲಾದ ಮೆಮೊರಿಯಲ್ಲಿ) ಒಂದು ಪಾಯಿಂಟರ್ (ಲೊಕೇಲ್ ಎಲ್ಲಿದೆಯೆಂಬ ವಿಳಾಸ) ಇಡಿ. ಅದು ಸೊನ್ನೆಯಾಗಿದ್ದರೆ ಆ ಥ್ರೆಡ್ ಜಾಗತಿಕ ಲೊಕೇಲ್ ನೋಡಲಿ. ಟಿಎಲ್‌ಎಸ್ ಸೊನ್ನೆಯಿಂದಲೇ ಶುರುವಾಗುವುದರಿಂದ ಹೊಸ ಥ್ರೆಡ್ ತಾನಾಗಿ ಜಾಗತಿಕ ಲೊಕೇಲ್‌ನಲ್ಲಿ ಹುಟ್ಟುತ್ತದೆ. ಹುಟ್ಟಿಸಿದ ಥ್ರೆಡ್‌ನ ಲೊಕೇಲ್ ಅದಕ್ಕೆ ಬರಕೂಡದು.

ಹೆಚ್ಚಿನವರು ಎಡವುವುದು ಇಲ್ಲಿ. ಯೂಸ್‌ಲೊಕೇಲ್ ಆ ಸೊನ್ನೆಯನ್ನೇ ಹೊರಗೆ ಕೊಟ್ಟರೆ ಕೆಟ್ಟಿತು. ಕರೆದವರು ಅದನ್ನು 'ಹಳೆಯದು' ಎಂದು ಇಟ್ಟುಕೊಂಡು ವಾಪಸ್ ಹಾಕುತ್ತಾರೆ. ಆದರೆ ಯೂಸ್‌ಲೊಕೇಲ್‌ಗೆ ಸೊನ್ನೆ ಕೊಡುವುದೆಂದರೆ ಬರೀ ವಿಚಾರಿಸುವುದು, ಏನನ್ನೂ ಬದಲಿಸುವುದಿಲ್ಲ. ಥ್ರೆಡ್ ಕನ್ನಡದಲ್ಲೇ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಒಳಗಿನ ಸೊನ್ನೆ ಹೊರಬರುವಾಗ ಎಲ್‌ಸಿ_ಗ್ಲೋಬಲ್_ಲೊಕೇಲ್ ಆಗಬೇಕು (ಗ್ಲಿಬ್‌ಸಿ, ಮಸಲ್ ಎಂಬ ಸಿ ಲೈಬ್ರರಿಗಳೆರಡರಲ್ಲೂ ಅದು -1), ಒಳಬರುವಾಗ ಮತ್ತೆ ಸೊನ್ನೆ. ಲೊಕೇಲ್‌ನ ಪ್ರತಿ ಮಾಡುವ ಡ್ಯೂಪ್‌ಲೊಕೇಲ್ ಕೂಡ ಈ ವಿಶೇಷ ಮೌಲ್ಯವನ್ನು ಒಪ್ಪಿ, ಆ ಕ್ಷಣದ ಜಾಗತಿಕ ಲೊಕೇಲ್‌ನ ಪ್ರತಿ ಕೊಡಬೇಕು.

ಸೆಟ್‌ಲೊಕೇಲ್ ಬರೆಯುವಾಗ ಪಾಸಿಕ್ಸ್‌ನ 6 ವಿಭಾಗಗಳನ್ನೂ (ದಿನಾಂಕ, ಅಂಕಿ ಮುಂತಾದವು) ಮೊದಲು ಪಕ್ಕದಲ್ಲಿ ಲೋಡ್ ಮಾಡಿ. ಒಂದು ಸೋತರೂ ನಲ್ ಕೊಟ್ಟು, ಇದ್ದದ್ದನ್ನು ಇದ್ದಂತೆ ಬಿಡಿ. ಎಲ್ಲ ಗೆದ್ದರೆ ಜಾಗತಿಕ ಪಾಯಿಂಟರನ್ನು ಒಂದೇ ಅಟಾಮಿಕ್ ಸ್ಟೋರ್‌ನಿಂದ (ಅರ್ಧ ಬದಲಾದದ್ದು ಯಾವ ಥ್ರೆಡ್‌ಗೂ ಕಾಣದಂತೆ) ಬದಲಿಸಿ. ಹಳೆಯದನ್ನು ಫ್ರೀ ಮಾಡಬೇಡಿ: ಇನ್ನೊಂದು ಥ್ರೆಡ್ ಪ್ರಿಂಟ್‌ಎಫ್‌ನ ನಡುವೆ ಅದನ್ನೇ ಓದುತ್ತಿರಬಹುದು. ಲೋಡ್ ಆದದ್ದನ್ನು ಹೆಸರಿನ ಮೇಲೆ ಕ್ಯಾಷ್ ಮಾಡಿದರೆ (ಇಟ್ಟುಕೊಂಡು ಮರುಬಳಸಿದರೆ) ಮೆಮೊರಿ ಬೆಳೆಯುತ್ತಾ ಹೋಗುವುದಿಲ್ಲ. ಪ್ರಿಂಟ್‌ಎಫ್ ಕೂಡ ಲೊಕೇಲನ್ನು ಆರಂಭದಲ್ಲಿ ಒಮ್ಮೆ ಮಾತ್ರ ಓದಿಟ್ಟುಕೊಳ್ಳಲಿ. ಇಲ್ಲವಾದರೆ ದಶಮಾಂಶ ಚಿಹ್ನೆ ಒಂದು ಲೊಕೇಲ್‌ನದು, ಗುಂಪು ಮಾಡುವ ಕ್ರಮ ಇನ್ನೊಂದರದು ಆಗುತ್ತದೆ. ಗುಂಪಿನ ಕ್ರಮ 3, 2 ಎಂದಿದ್ದರೆ ಕೊನೆಯ 2 ಮತ್ತೆ ಮತ್ತೆ ಬರಬೇಕು, ಆಗ 12,34,567 ಎಂದು ಮೂಡುತ್ತದೆ.

ಪ್ರಶ್ನೆ (ಖಾನಾಪುರ): 'ಬೆಳಗಾವಿ' ಎಂಬ ಪದವನ್ನು, 'ಇದು ಅಕ್ಷರವೇ' ಎಂದು ಹೇಳುವ ಈಸ್‌ಆಲ್ಫಾಗೆ ಒಂದೊಂದೇ ಬೈಟ್ ಆಗಿ ಕೊಟ್ಟರೆ ಪ್ರೋಗ್ರಾಂ ಒಮ್ಮೊಮ್ಮೆ ಕುಸಿಯುತ್ತದೆ.

ಉತ್ತರ: ಆ ಪದದಲ್ಲಿ 7 ಕೋಡ್ ಪಾಯಿಂಟ್‌ಗಳಿವೆ (ಯುನಿಕೋಡ್ ಸಂಕೇತಗಳು), ಯುಟಿಎಫ್-8ರಲ್ಲಿ 21 ಬೈಟ್. ಮೊದಲ ಬೈಟ್ 224. ಸಿ ಭಾಷೆಯ ಚಾರ್ ಸೈನ್ಡ್ (ಋಣ ಸಂಖ್ಯೆಯನ್ನೂ ಹಿಡಿಯುವಂಥದ್ದು) ಆಗಿದ್ದಲ್ಲಿ ಅದು -32 ಆಗಿ, ಈಸ್‌ಆಲ್ಫಾ ನೋಡುವ ಕೋಷ್ಟಕದ ಆಚೆ ಕೈ ಹಾಕಬಹುದು. ಅನ್‌ಸೈನ್ಡ್ ಚಾರ್‌ಗೆ ಬದಲಿಸಿದರೆ ಕುಸಿತ ನಿಲ್ಲುತ್ತದೆ, ಉತ್ತರ ಸರಿಯಾಗದು. ಬೈಟ್‌ಗಳನ್ನು ಕೋಡ್ ಪಾಯಿಂಟ್ ಮಾಡುವ ಎಂಬಿಆರ್‌ಟುಡಬ್ಲ್ಯುಸಿ ಬಳಸಿ, ಪ್ರತಿ ಸಲ ಅದು ಹೇಳಿದಷ್ಟು ಬೈಟ್ (ಈ ಪದದಲ್ಲಿ 3) ದಾಟಿ, ನಂತರ ಈಸ್‌ಡಬ್ಲ್ಯುಆಲ್ಫಾ ಕೇಳಿ. ಪ್ರೋಗ್ರಾಂ 'ಸಿ' ಎಂಬ ಮೂಲ ಲೊಕೇಲ್‌ನಲ್ಲಿ ಶುರುವಾಗುತ್ತದೆ, ಆದ್ದರಿಂದ ಅದಕ್ಕೂ ಮೊದಲು ಯುಟಿಎಫ್-8 ಲೊಕೇಲ್ ಹಾಕಿರಬೇಕು.

ಪ್ರಶ್ನೆ (ವಿಜಯಪುರ): ಒಣದ್ರಾಕ್ಷಿ ದರಪಟ್ಟಿಯನ್ನು ಜರ್ಮನ್ ಲೊಕೇಲ್‌ನಲ್ಲಿ ಮುದ್ರಿಸುತ್ತೇವೆ. ಫೈಲಿನ 212.50 ಓದಿದರೆ 212 ಆಗುತ್ತದೆ. ಐವತ್ತು ಪೈಸೆ ಎಲ್ಲಿ ಹೋಯಿತು?

ಉತ್ತರ: ಜರ್ಮನ್‌ನಲ್ಲಿ ದಶಮಾಂಶಕ್ಕೆ ಅಲ್ಪವಿರಾಮ. ಸ್ಟ್ರ್‌ಟೋಡಿ ಚುಕ್ಕಿ ಕಂಡಲ್ಲೇ ನಿಂತಿತು, ತಪ್ಪೆಂದೂ ಹೇಳಲಿಲ್ಲ. ಓದು ಎಲ್ಲಿ ನಿಂತಿತೆಂದು ಅದರ ಎರಡನೇ ಪಾಯಿಂಟರ್‌ನಲ್ಲಿ ನೋಡಿದ್ದರೆ ಗೊತ್ತಾಗುತ್ತಿತ್ತು. ಫೈಲ್ ಓದುವ ಬರೆಯುವ ಭಾಗಕ್ಕೆ ಸಿ ಲೊಕೇಲ್‌ನ ವಸ್ತುವೊಂದನ್ನು ಯೂಸ್‌ಲೊಕೇಲ್‌ನಿಂದ ಹಾಕಿ, ಮುದ್ರಣಕ್ಕೆ ಮಾತ್ರ ಜರ್ಮನ್ ಹಾಕಿ. ದಿನಾಂಕ ಜರ್ಮನ್, ಅಂಕಿ ಮಾತ್ರ ಚುಕ್ಕಿಯಲ್ಲಿ ಬೇಕೆಂದರೆ, ಜರ್ಮನ್ ವಸ್ತುವನ್ನೇ ಆಧಾರವಾಗಿ ಕೊಟ್ಟು ಎಲ್‌ಸಿ_ನ್ಯೂಮರಿಕ್ (ಅಂಕಿಗಳ ವಿಭಾಗ) ಒಂದನ್ನು ಸಿ ಮಾಡಿ ನ್ಯೂಲೊಕೇಲ್ ಕರೆಯಿರಿ. ಗೆದ್ದರೆ ಆಧಾರವಾಗಿ ಕೊಟ್ಟದ್ದನ್ನು ಮತ್ತೆ ಮುಟ್ಟಬೇಡಿ, ಸೋತರೆ ಅದು ಮೊದಲಿದ್ದಂತೆಯೇ ಇರುತ್ತದೆ.