ತ್ರಿಜ್ಯ ಬದಲಾದರೆ ವೃತ್ತದ ಪರಿಧಿ, ವಿಸ್ತೀರ್ಣ ಎಷ್ಟು ಬದಲಾಗುತ್ತವೆ?

ತ್ರಿಜ್ಯ ಎಷ್ಟು ಪಟ್ಟಾಗುತ್ತದೋ ಪರಿಧಿಯೂ ಅಷ್ಟೇ ಪಟ್ಟಾಗುತ್ತದೆ. ವಿಸ್ತೀರ್ಣ ಮಾತ್ರ ಆ ಪಟ್ಟಿನ ವರ್ಗದಷ್ಟು: ತ್ರಿಜ್ಯ 3 ಪಟ್ಟಾದರೆ ವಿಸ್ತೀರ್ಣ 9 ಪಟ್ಟು. ಪರಿಧಿಯ ಸೂತ್ರದಲ್ಲಿ (2 × ಪೈ × ತ್ರಿಜ್ಯ) ತ್ರಿಜ್ಯ ಒಮ್ಮೆ ಬರುತ್ತದೆ, ವಿಸ್ತೀರ್ಣದಲ್ಲಿ (ಪೈ × ತ್ರಿಜ್ಯ × ತ್ರಿಜ್ಯ) ಎರಡು ಸಲ.

10 ಅಡಿ ವ್ಯಾಸದ ಬಾವಿಯನ್ನು 12 ಅಡಿಗೆ ಅಗಲ ಮಾಡಿಸುತ್ತೀರಿ ಎನ್ನಿ. ತ್ರಿಜ್ಯ 5ರಿಂದ 6 ಅಡಿ, ಅಂದರೆ 1.2 ಪಟ್ಟು. ಸುತ್ತಳತೆ 31.4ರಿಂದ 37.7 ಅಡಿಗೆ ಏರುತ್ತದೆ, ಶೇ 20 ಹೆಚ್ಚಳ. ಬಾಯಿಯ ವಿಸ್ತೀರ್ಣ 78.5ರಿಂದ 113.1 ಚದರ ಅಡಿ, ಶೇ 44! ಆಳ ಅಷ್ಟೇ ಇದ್ದರೂ ನೀರು ಹಿಡಿಯುವ ಪ್ರಮಾಣ ಶೇ 44 ಜಾಸ್ತಿ.

ಪರೀಕ್ಷೆಯಲ್ಲಿ ಎಡವುವುದು ಶೇಕಡಾ ಲೆಕ್ಕದಲ್ಲಿ. ತ್ರಿಜ್ಯ ಶೇ 10 ಕಡಿಮೆಯಾದರೆ ವಿಸ್ತೀರ್ಣ ಶೇ 20 ಅಲ್ಲ, ಶೇ 19 ಇಳಿಯುತ್ತದೆ (0.9 × 0.9 = 0.81). ಶೇಕಡಾವನ್ನು ದ್ವಿಗುಣ ಮಾಡಬೇಡಿ, ಮೊದಲು ಅದನ್ನು ಎಷ್ಟು ಪಟ್ಟು ಎಂದು ಬದಲಿಸಿ (ಶೇ 10 ಕಡಿಮೆ ಎಂದರೆ 0.9 ಪಟ್ಟು), ಆಮೇಲೆ ವರ್ಗ ಮಾಡಿ.

ಪಟ್ಟಿನ ಬದಲು ಕೂಡಿಸಿದರೆ ಕತೆಯೇ ಬೇರೆ. ತ್ರಿಜ್ಯಕ್ಕೆ 1 ಮೀಟರ್ ಸೇರಿಸಿದರೆ ವೃತ್ತ ಬಾವಿಯಷ್ಟಿರಲಿ, ಭೂಮಧ್ಯರೇಖೆಯಷ್ಟಿರಲಿ, ಪರಿಧಿ ಹೆಚ್ಚುವುದು ಸುಮಾರು 6.28 ಮೀಟರ್ ಮಾತ್ರ. ವಿಸ್ತೀರ್ಣದ ಹೆಚ್ಚಳ ಹಾಗಲ್ಲ, ವೃತ್ತ ದೊಡ್ಡದಾದಷ್ಟೂ ಅದೂ ದೊಡ್ಡದು.