ನೀರುಗಂಟಿಗೆ ಸಂಬಳ ಯಾವಾಗ ಆಯಿತು, ಮೇಷ್ಟ್ರೇ?

ಗುಡಿಬಂಡೆ ತಾಲ್ಲೂಕಿನ ಹಳ್ಳಿಯೊಂದರಿಂದ ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ನಮ್ಮೂರಲ್ಲಿ ಸರ್ಕಾರದ ದುಡ್ಡಿನಿಂದ ಕಟ್ಟಿದ ಶೌಚಾಲಯಗಳಲ್ಲಿ ಅರ್ಧಕ್ಕರ್ಧ ಸೌದೆ, ಹಿಂಡಿ ಮೂಟೆ, ಕೋಳಿ ಗೂಡು. ಜನ ಚೊಂಬು ಹಿಡಿದು ಕೆರೆ ಅಂಗಳಕ್ಕೇ ಹೋಗುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಬಯಲಿಗೆ ಹೋಗುವವರಿಗೆ ರೇಷನ್ ನಿಲ್ಲಿಸಿ, ದಂಡ ಹಾಕಿ ಎಂದು ನೀವು ಬರೆಯಬೇಕು. ಶಾಲೆ ಗೋಡೆಗೆ ಬರೆಸಲು ನಾಲ್ಕು ಸಾಲಿನ ಘೋಷಣೆಯನ್ನೂ ಕಳಿಸಿಕೊಡಿ.’

ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸಿಟ್ಟಿನ ಒಳಗೆ ಊರಿನ ಮೇಲಿನ ಮಮತೆ ಇದೆ, ಅದು ಪ್ರತಿ ಸಾಲಿನಲ್ಲೂ ಕಾಣುತ್ತದೆ. ತಿಳಿವಳಿಕೆ ಬೇಕು ಎಂಬ ಮಾತೂ ಸರಿಯೇ. ಎಳೆಗೂಸಿನ ಮಲದಿಂದ ಏನೂ ಆಗುವುದಿಲ್ಲ ಎಂದು ನಂಬಿದ ತಾಯಂದಿರು ಇದ್ದಾರೆ, ಬಯಲಿಗೆ ಹೋಗಿ ಬಂದು ಸೋಪು ಮುಟ್ಟದ ಗಂಡಸರು ಎಲ್ಲ ಊರಲ್ಲೂ ಇದ್ದಾರೆ. ಅವರ ಮನೆಯೊಳಗೆ ಮೇಷ್ಟ್ರ ಮಾತು ಹೋಗುವಷ್ಟು ದೂರ ಬೇರೆ ಯಾರ ಮಾತೂ ಹೋಗದು. ಆದರೆ ರೇಷನ್ ನಿಲ್ಲಿಸಿ ಎಂದು ನಾನು ಬರೆಯಲಾರೆ. ಸೌದೆ ಇಟ್ಟವರಿಗೆ ಬುದ್ಧಿ ಇಲ್ಲವೆಂದು ತೀರ್ಮಾನ ಮಾಡಿಬಿಟ್ಟಿದ್ದೀರಿ. ಆ ಬೀದಿಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ.

ಲೆಕ್ಕ ಹೇಳಿಕೊಟ್ಟವರು ನೀವು, ಒಂದು ಲೆಕ್ಕ ಮಾಡೋಣ. ಇಳಿಜಾರು ಜಾಸ್ತಿ ಇರುವ ಗ್ರಾಮೀಣ ಪ್ಯಾನ್ ಕೂರಿಸಿದ್ದರೆ ಒಂದು ಸಲಕ್ಕೆ ಎರಡು ಲೀಟರ್ ಸುರಿದರೆ ಸಾಕು. ಕಂಟ್ರಾಕ್ಟರು ಪೇಟೆಯಿಂದ ಸಿಕ್ಕಿದ ಪ್ಯಾನ್ ತಂದು ಹಾಕಿದ್ದರೆ ಐದಾರು ಲೀಟರ್. ತೊಳೆದುಕೊಳ್ಳಲು, ಕೈಕಾಲಿಗೆ, ಪ್ಯಾನ್ ಉಜ್ಜಲು ಸೇರಿಸಿದರೆ ಐದು ಜನರ ಮನೆಗೆ ದಿನಕ್ಕೆ ಮೂರು ನಾಲ್ಕು ಕೊಡ. ನಲ್ಲಿ ನಾಲ್ಕು ದಿನಕ್ಕೊಮ್ಮೆ ಬರುವ ಬೀದಿಯಲ್ಲಿ ಸುಮಾರು ಹದಿನೈದು ಕೊಡ ನೀರನ್ನು ಬರೀ ಕಕ್ಕಸ್ಸಿಗೆಂದು ತುಂಬಿಡಬೇಕು. ತುಂಬುವವರು ಯಾರು, ಸೊಂಟದ ಮೇಲೆ ಹೊರುವವರು ಯಾರು? ಬಯಲಿಗೆ ಒಂದು ಚೊಂಬು ಸಾಕು. ಆ ಮನೆಯ ಹೆಣ್ಣುಮಗಳು ಈ ಲೆಕ್ಕ ಹಾಕಿಯೇ ಅಲ್ಲಿ ಸೌದೆ ಒಟ್ಟಿದ್ದಾಳೆ. 2019ರ ಆಗಸ್ಟ್ 15ರಂದು ಸಾರಿದ ಜಲ ಜೀವನ್ ಮಿಷನ್ ಪ್ರಕಾರ ತಲೆಗೆ ದಿನಕ್ಕೆ 55 ಲೀಟರ್, ಅಂದರೆ ಆಕೆಯ ಮನೆಗೆ 275 ಲೀಟರ್. ಅಷ್ಟು ನೀರು ದಿನಾ ಬಂದರೆ ಆ ಸೌದೆ ತಾನಾಗಿ ಹಿತ್ತಿಲಿಗೆ ಹೋಗುತ್ತದೆ.

ನನ್ನ ಹಠ ಈ ಪುಟದ ಓದುಗರಿಗೆಲ್ಲ ಗೊತ್ತು, ಮತ್ತೆ ಹೇಳುತ್ತೇನೆ. ಊರು ಚೊಕ್ಕಟವಾಗುವುದು ನೀರುಗಂಟಿಯಿಂದ, ಅಂದರೆ ಊರಿಗೆ ನೀರು ಬಿಡುವವರಿಂದ.

ಚಿಂತಾಮಣಿ ತಾಲ್ಲೂಕಿನ ನಮ್ಮೂರಲ್ಲಿ, ನಾನು ಹುಡುಗನಾಗಿದ್ದಾಗ, ಕೆರೆ ತೂಬು ಎತ್ತುವ ಹಕ್ಕು ಒಬ್ಬರಿಗೇ ಇತ್ತು. ನಾವೆಲ್ಲ ನೀರಗಂಟಿ ತಾತ ಎನ್ನುತ್ತಿದ್ದೆವು. ದಲಿತ ಕೇರಿಯ ಮುದುಕ. ಒಂದು ರಾತ್ರಿ ನಮ್ಮಪ್ಪ ಸರದಿ ತಪ್ಪಿಸಿ, ಕಾಲುವೆ ಕಡಿದು ನಮ್ಮ ಗದ್ದೆಗೆ ನೀರು ತಿರುಗಿಸಿಕೊಂಡರು. ಬೆಳಗ್ಗೆ ತಾತ ಬಂದು, ಒಂದು ಮಾತೂ ಆಡದೆ, ಸನಿಕೆಯಲ್ಲಿ ಮಣ್ಣೆಳೆದು ಮುಚ್ಚಿ ಹೊರಟುಹೋದರು. ಅಪ್ಪ ಎಷ್ಟೋ ದಿನ ಅವರ ಕಣ್ಣಿಗೆ ಬೀಳಲಿಲ್ಲ. ಊರ ದೊಡ್ಡವರು ತಲೆ ತಗ್ಗಿಸುತ್ತಿದ್ದದ್ದು ಆ ಒಂದು ಕೆಲಸದ ಮುಂದೆ.

ಆ ಕೆಲಸಕ್ಕೆ ಬೆಲೆ ಕಟ್ಟಿದ್ದರು ಹಿಂದಿನವರು. ಊರ ಕೆಲಸಕ್ಕೆ ಬೆಳೆಯಲ್ಲಿ ಪಾಲು ಪಡೆಯುತ್ತಿದ್ದ ಹನ್ನೆರಡು ಆಯಗಾರರಲ್ಲಿ ನೀರುಗಂಟಿಯೂ ಒಬ್ಬ. ಸುಗ್ಗಿಯಲ್ಲಿ ಕಣದಲ್ಲೇ ಅವನ ಪಾಲು ಅಳೆಯುತ್ತಿದ್ದರು, ಇನಾಂ ಜಮೀನೂ ಇರುತ್ತಿತ್ತು. ವರ್ಷಪೂರ್ತಿ ಹರಿಯುವ ಹೊಳೆ ಇಲ್ಲದ ನಮ್ಮ ಕೋಲಾರ ಸೀಮೆಯ ಶಾಸನಗಳನ್ನು ಓದಿ ನೋಡಿ, ಕೆರೆಯ ಹೆಸರಿಗೆ ಬಿಟ್ಟ ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ದತ್ತಿಗಳ ಮಾತು ಮತ್ತೆ ಮತ್ತೆ ಬರುತ್ತದೆ. 1961ರಲ್ಲಿ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ಬಂತು. ಪಟೇಲ, ಶ್ಯಾನುಭೋಗರ ವಂಶದ ಹಕ್ಕು ಹೋಯಿತು, ಹೋಗಬೇಕಾದದ್ದೇ. ಅದರ ಜೊತೆಯಲ್ಲೇ ನೀರುಗಂಟಿಯ ನೆಲೆಯೂ ಹೋಯಿತು, ಅದಕ್ಕೆ ಬದಲಿ ಯಾರೂ ಯೋಚಿಸಲಿಲ್ಲ. ಆಮೇಲೆ ಬೋರ್‌ವೆಲ್ ಬಂತು. ಮೋಟರ್ ಹಾಕಿ ಗೇಟ್‌ವಾಲ್ ತಿರುಗಿಸುವವರಿಗೆ ಅದೇ ಹಳೇ ಹೆಸರು ಅಂಟಿಕೊಂಡಿತು.

ಈಗಿನ ನೀರುಗಂಟಿಯ ಕೆಲಸ ಏನೆಂದು ಒಂದು ದಿನ ಅವರ ಹಿಂದೆ ತಿರುಗಿ ನೋಡಿದ್ದೇನೆ. ತ್ರೀಫೇಸ್ ಕರೆಂಟು ರಾತ್ರಿ ಎರಡಕ್ಕೆ ಬಂದರೆ ಎರಡಕ್ಕೇ ಏಳಬೇಕು. ಟ್ಯಾಂಕ್ ತುಂಬಿಸಬೇಕು, ಬೀದಿ ಬೀದಿಗೆ ವಾಲ್ ತಿರುಗಿಸಬೇಕು, ಒಡೆದ ಪೈಪಿಗೆ ಸೈಕಲ್ ಟ್ಯೂಬ್ ಸುತ್ತಬೇಕು. ಸಾವಿರ ಲೀಟರಿಗೆ ಎರಡೂವರೆ ಗ್ರಾಮ್ ಲೆಕ್ಕದಲ್ಲಿ ಬ್ಲೀಚಿಂಗ್ ಪೌಡರನ್ನು ಬಕೆಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿದು, ಅರ್ಧ ಗಂಟೆಯಾದರೂ ಕಾದು ನೀರು ಬಿಡಬೇಕು. ಬಾಯಿ ಬಿಚ್ಚಿದ ಮೂಟೆ ಬಿಸಿಲಲ್ಲಿ, ತೇವದಲ್ಲಿ ಬಿದ್ದಿದ್ದರೆ ಕ್ಲೋರಿನ್ ಹಾರಿಹೋಗಿ ಬರೀ ಸುಣ್ಣ ಉಳಿಯುತ್ತದೆ. ಇದನ್ನೆಲ್ಲ ಅವರಿಗೆ ಹೇಳಿಕೊಟ್ಟವರು ಯಾರು ಎಂದು ಕೇಳಿದೆ. ‘ಯಾರೂ ಇಲ್ಲ ಸಾರ್, ವಾಸನೆ ನೋಡಿ ಹಾಕ್ತೀನಿ’ ಎಂದರು. ಸಂಬಳ ಕೇಳಿದರೆ, ಐದು ತಿಂಗಳಿಂದ ಆಗಿಲ್ಲ. ಊರ ಹೆಸರು ಹೇಳುವುದಿಲ್ಲ; ಹೇಳಿದರೆ ಏಟು ಬೀಳುವುದು ಅವರಿಗೇ.

ಇನ್ನೊಂದು ಸಂಗತಿ ನೀವೂ ನಿಮ್ಮೂರಲ್ಲಿ ಕಂಡಿರುತ್ತೀರಿ. ನೀರಿನ ಒತ್ತಡ ಸಾಲದೆ ಜನ ನಲ್ಲಿ ಬಿಚ್ಚಿ, ಪೈಪಿನ ಬುಡದಲ್ಲಿ ಮೊಣಕಾಲುದ್ದ ಗುಂಡಿ ತೋಡಿ, ಅದರಲ್ಲಿ ಬಿಂದಿಗೆ ಇಟ್ಟು ಹಿಡಿಯುತ್ತಾರೆ. ಆ ಗುಂಡಿಯಲ್ಲಿ ಚರಂಡಿ ನೀರು ನಿಲ್ಲುತ್ತದೆ. ಮೋಟರ್ ನಿಂತ ಗಳಿಗೆ, ಇಳಿಯುವ ನೀರು ಪೈಪಿನೊಳಗೆ ಎಳೆತ ಹುಟ್ಟಿಸುತ್ತದೆ, ಗುಂಡಿಯದ್ದು ಒಳಕ್ಕೆ ಹೋಗುತ್ತದೆ. ಮುಂದಿನ ಸಲ ನೀರು ಬಿಟ್ಟಾಗ ಅದೇ ಪೈಪಿನಿಂದ ಕುಡಿಯುತ್ತೇವೆ. ನಾಲ್ಕು ದಿನಕ್ಕೊಮ್ಮೆ ನೀರು ಬಿಡುವ ಊರಲ್ಲಿ ಇದನ್ನು ಯಾವ ಘೋಷಣೆಯೂ ತಡೆಯದು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ, 2024ರ ಜೂನ್‌ನಲ್ಲಿ ನಮ್ಮ ಪಕ್ಕದ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ವಾಂತಿಭೇದಿಯಿಂದ ಜೀವಗಳು ಹೋದವು. ಎಲ್ಲೇ ವಾಂತಿಭೇದಿ ಎದ್ದರೂ ಮೊದಲ ಬೆರಳು ತಿರುಗುವುದು ನೀರುಗಂಟಿಯ ಕಡೆಗೆ. ಅದಕ್ಕೆ ಮುಂಚೆ ವರ್ಷಗಟ್ಟಲೆ ಅವರನ್ನು ಯಾರೂ ಮಾತಾಡಿಸಿರುವುದಿಲ್ಲ.

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯವರು ವಿಶ್ವೇಶ್ವರಯ್ಯ. ಕನ್ನಂಬಾಡಿ ಎಲ್ಲರಿಗೂ ಗೊತ್ತು. ಅದಕ್ಕೆ ಎಷ್ಟೋ ಮೊದಲು, 1894ರ ಸುಮಾರಿಗೆ, ಸಿಂಧ್ ಪ್ರಾಂತ್ಯದ ಸುಕ್ಕೂರಿನಲ್ಲಿ ಅವರು ಕುಡಿಯುವ ನೀರಿನ ಕೆಲಸ ಮಾಡಿದರು. ಸಿಂಧೂ ನದಿಯ ನೀರು ಬಗ್ಗಡ, ಸೋಸುವ ಕಟ್ಟಡಕ್ಕೆ ಪುರಸಭೆಯ ಹತ್ತಿರ ಹಣವಿಲ್ಲ. ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಮರಳೇ ಸೋಸಿ ಕೊಡುವಂತೆ ಮಾಡಿದರು. ಆಮೇಲೆ ಏಡನ್ ಊರಿನ ನೀರು, ಚರಂಡಿ ವ್ಯವಸ್ಥೆಗೆ ಸಲಹೆ ಕೊಡಲು ಹೋದರು. ಚರಂಡಿಯನ್ನೂ ಅಣೆಕಟ್ಟಿನಷ್ಟೇ ಶ್ರದ್ಧೆಯಿಂದ ನೋಡಿದ ಮನುಷ್ಯನ ಊರಿನವರು ನಾವು. ಅಣೆಕಟ್ಟಿನ ಪಟವೊಂದನ್ನೇ ಗೋಡೆಗೆ ಹಾಕಿಕೊಂಡೆವು.

ನನ್ನ ಸಂಕಟ ಇದೇ. ನಮ್ಮಲ್ಲಿ ನೀರು ಎಂದರೆ ಟಿಎಂಸಿ, ದೊಡ್ಡ ಯೋಜನೆಗಳ ಲೆಕ್ಕ. ಪಶ್ಚಿಮಘಟ್ಟದ ನೀರನ್ನು ನಮ್ಮ ಕಡೆಗೆ ತರುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಅಡಿಗಲ್ಲು ಹಾಕಿದರು, 24 ಟಿಎಂಸಿ ಎಂದರು. ಹತ್ತು ವರ್ಷ ಕಳೆದು 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತದ ಉದ್ಘಾಟನೆ ಸಕಲೇಶಪುರದಲ್ಲಾಯಿತು. ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು, ಚಿಕ್ಕಬಳ್ಳಾಪುರದ ಪಾಲಿಗೆ ಎಚ್.ಎನ್. ವ್ಯಾಲಿ. ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತ ಶುದ್ಧಿ ಮಾಡಿ ಕಳಿಸುತ್ತಾರೆ, ಮೂರನೆಯ ಹಂತವೂ ಬೇಕೆಂದು ನಮ್ಮ ಜನ ಕೇಳುತ್ತಲೇ ಇದ್ದಾರೆ. ಮಹಾನಗರದಲ್ಲಿ ಫ್ಲಶ್ ಗುಂಡಿ ಒತ್ತಿ ಬಕೆಟ್‌ಗಟ್ಟಲೆ ಸುರಿದ ನೀರು ನಮ್ಮ ಕೆರೆಗೆ ಬರಬಹುದು, ಅವರಿಗೆ ಯಾರೂ ದಂಡ ಹಾಕುವುದಿಲ್ಲ. ಒಂದು ಚೊಂಬು ಹಿಡಿದು ಕತ್ತಲಲ್ಲಿ ಹೋಗುವ ಹೆಂಗಸಿನ ರೇಷನ್ ಚೀಟಿ ಕಿತ್ತುಕೊಳ್ಳಿ ಎನ್ನುತ್ತೀರಿ. ಮೇಷ್ಟ್ರೇ, ಇದು ನಿಮ್ಮಂಥವರು ಆಡುವ ಮಾತಲ್ಲ. ಪತ್ರಿಕೆಯವರಾದ ನಮ್ಮದೂ ತಪ್ಪಿದೆ. ಟೇಪು ಕತ್ತರಿಸಿದ ದಿನ ಫೋಟೊ ಹಾಕುತ್ತೇವೆ, ಟ್ಯಾಂಕಿನೊಳಗೆ ಪಾಚಿ ಕಟ್ಟಿದ ದಿನ ನಾವು ಹೋಗುವುದಿಲ್ಲ.

ಶೌಚದ ಗುಂಡಿಯ ಬಗ್ಗೆಯೂ ಒಂದು ಮಾತು. ತುಂಬಿದರೆ ಬಳಿಯುವವರು ಯಾರು ಎಂಬ ಅಂಜಿಕೆ ಜನರಿಗಿದೆ, ಅದರ ಹಿಂದೆ ಜಾತಿಯ ಕೊಳೆ ಇದೆ. ಮಲ ಹೊರುವ ಪದ್ಧತಿಯ ವಿರುದ್ಧ ಜೀವನವಿಡೀ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಹುಟ್ಟಿದ್ದು ನಮ್ಮ ಕೆಜಿಎಫ್‌ನಲ್ಲೇ. ಜೋಡಿ ಗುಂಡಿ ಇದ್ದರೆ ಆ ಅಂಜಿಕೆಗೆ ಕಾರಣವೇ ಇಲ್ಲ: ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ಎರಡು ವರ್ಷ ಮುಚ್ಚಿಟ್ಟರೆ ವಾಸನೆಯಿಲ್ಲದ ಗೊಬ್ಬರ. ಒಂದೇ ಗುಂಡಿಗೆ ಸಿಮೆಂಟ್ ರಿಂಗ್‌ಗಳನ್ನು ಆಳಕ್ಕೆ ಇಳಿಸುತ್ತಾ ಹೋದರೆ ಅದು ಅಂತರ್ಜಲಕ್ಕೆ ಹತ್ತಿರವಾಗುತ್ತದೆ. ಬತ್ತಿದ ತೆರೆದ ಬಾವಿಗೇ ಶೌಚದ ಪೈಪು ಬಿಟ್ಟಿದ್ದನ್ನು ಕಣ್ಣಾರೆ ಕಂಡಿದ್ದೇನೆ. ನಮ್ಮ ನೀರಿನ ಫ್ಲೋರೈಡ್ ಬಂಡೆಯಿಂದ ಬರುತ್ತದೆ, ಅದಕ್ಕೆ ಯಾರನ್ನೂ ದೂರುವಂತಿಲ್ಲ. ಆದರೆ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಮ್ ದಾಟಿದರೆ, ಅದು ಬಹುಪಾಲು ನಾವೇ ಇಳಿಸಿದ್ದು, ನಮ್ಮ ಗುಂಡಿಯಿಂದ, ತಿಪ್ಪೆಯಿಂದ, ಗೊಬ್ಬರದ ಚೀಲದಿಂದ.

ಗೋಡೆಗೆ ಬರಹ ಕೇಳಿದ್ದೀರಿ, ಕೊಡುತ್ತೇನೆ. ಶಾಲೆಯ ಗೋಡೆ ಬೇಡ, ಓವರ್‌ಹೆಡ್ ಟ್ಯಾಂಕಿನ ಕಂಬಕ್ಕೆ ಬರೆಸಿ. ಟ್ಯಾಂಕ್ ತೊಳೆದ ದಿನ. ಬ್ಲೀಚಿಂಗ್ ಹಾಕಿದ ದಿನ. ಕೊನೆಯ ಮನೆಗೆ ನೀರು ಮುಟ್ಟಿದ ದಿನ. ನೀರುಗಂಟಿಗೆ ಸಂಬಳ ಆದ ದಿನ. ದಿನಾಂಕದ ಜಾಗ ಖಾಲಿ ಬಿಟ್ಟು, ಸೀಮೆಸುಣ್ಣ ನೀರುಗಂಟಿಯ ಕೈಗೇ ಕೊಡಿ. ಒಂದು ತಿಂಗಳಾದ ಮೇಲೆ ಆ ಕಂಬದ ಫೋಟೊ ತೆಗೆದು ಕಳಿಸಿ, ಮುಖಪುಟಕ್ಕೆ ಹಾಕುತ್ತೇನೆ.